ತಟ್ಟುವಷ್ಟು ಹೊತ್ತು ಹಿಂದಕ್ಕೆ

ನಮ್ಮಪ್ಪನಿಗೆ ವ್ಯಾನು ಮುಂದಕ್ಕೆ ಓಡಿಸಲು ಯಾರೂ ಬೇಕಿರಲಿಲ್ಲ. ಹಿಂದಕ್ಕೆ ಓಡಿಸಲು ಮಾತ್ರ ಅಮ್ಮ ಬೇಕಿತ್ತು.

ಎಂಬತ್ತರ ದಶಕದ ಮಾತು. ತಮಿಳು ಸೀಮೆಯ ಕಾರಮಡೈ ಕಡೆ ನೇಕಾರರ ಬೀದಿ ನಮ್ಮದು, ವ್ಯಾನು ತಿರುಗಿಸುವಷ್ಟು ಅಗಲವಿಲ್ಲ. ಪೇಟೆಗೆ ಹೋಗಿ ಗಾಂಧಿಪುರಂ ಅಂಗಡಿಗಳಿಗೆ ಸೀರೆ ಹಾಕಿ ಬಂದ ಅಪ್ಪ ಬೀದಿಯ ಬಾಯಿಂದ ಮನೆಯವರೆಗೆ ಹಿಮ್ಮುಖವಾಗಿಯೇ ಬರಬೇಕು. ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಬರೀ ಗೋಡೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ವ್ಯಾನಿನ ಬೆನ್ನು ತಟ್ಟುತ್ತಾ ಬರುತ್ತಿದ್ದಳು.

ಕೂಗಿ ಹೇಳಬಹುದಿತ್ತಲ್ಲ ಅಂದರೆ, ಕೂಗಿ ಉಪಯೋಗವಿರಲಿಲ್ಲ. ವರ್ಷಗಟ್ಟಲೆ ಪವರ್‌ಲೂಮುಗಳ ನಡುವೆ ನಿಂತು ಅಪ್ಪನ ಕಿವಿ ಮಂದವಾಗಿತ್ತು. ಅದು ಅಮ್ಮನಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕರೆದರೆ ತಿರುಗಿ ನೋಡದ ಅಪ್ಪನಿಗೆ ಜಂಬ ಎಂದೇ ಬೀದಿಯವರ ತೀರ್ಮಾನ. ಜಂಬಗಾರ ಎನ್ನಿಸಿಕೊಳ್ಳಲು ಅಪ್ಪನಿಗೆ ಅಡ್ಡಿಯಿರಲಿಲ್ಲ, ಕಿವುಡ ಎನ್ನಿಸಿಕೊಳ್ಳಲು ಇತ್ತು. ವ್ಯಾನು ಅಪ್ಪನಿಗೂ ಚಿಕ್ಕಪ್ಪನಿಗೂ ಸೇರಿದ್ದು. ವಿಷಯ ತಿಳಿದರೆ ಚಿಕ್ಕಪ್ಪ ಕೀ ಇಸಿದುಕೊಳ್ಳುವುದು ಖಂಡಿತ. ವ್ಯಾನಿಲ್ಲದ ಅಪ್ಪನನ್ನು ನೆನೆದರೆ ನನಗೆ ಭಯವಾಗುತ್ತಿತ್ತು.

ತಟ್ಟಿದ್ದು ಕಿವಿಗೆ ಹೋಗದಿದ್ದರೂ ಸೀಟಿನ ಮೂಲಕ ಬೆನ್ನಿಗೆ ಬರುತ್ತದೆ. ಅಮ್ಮ ಇದಕ್ಕೆ ಮಗ್ಗದ ಕ್ರಮವನ್ನೇ ಹಿಡಿದಿದ್ದಳು. ಮಗ್ಗ ಸದ್ದು ಮಾಡುತ್ತಿದ್ದರೆ ಎಲ್ಲ ಸರಿಯಾಗಿದೆ. ಹೊಕ್ಕಿನ ನೂಲು ಹರಿದರೆ ತಾನೇ ನಿಲ್ಲುತ್ತದೆ. ಹಾಗೆಯೇ, ತಟ್ಟುವಷ್ಟು ಹೊತ್ತು ಬಾ, ನಿಲ್ಲಿಸಿದರೆ ನಿಲ್ಲು. ಬಿರುಸಾಗಿ ತಟ್ಟಿದರೆ ಜಾಗ ಬೇಕಾದಷ್ಟಿದೆ, ನಿಧಾನವಾದರೆ ಗೋಡೆ ಹತ್ತಿರ.

ಈಗ ನನ್ನ ಕಾರಿನ ಹಿಂದೆ ಸೆನ್ಸರ್ ಎಂಬ ನಾಲ್ಕು ಗುಂಡಿಗಳಿವೆ. ನಮ್ಮ ಕಿವಿಗೆ ಸಿಗದ ಕೀಚಲು ದನಿಯನ್ನು ಅವು ಹಿಂದಕ್ಕೆ ಕಳಿಸುತ್ತವಂತೆ. ದನಿ ಗೋಡೆಗೆ ತಾಗಿ ವಾಪಸು ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಹತ್ತಿರವಾದಂತೆ ಬೀಪ್ ಬೀಪ್ ಬಿರುಸಾಗಿ, ಕೊನೆಗೆ ಬಿಡುವಿಲ್ಲದ ಒಂದೇ ಕೂಗು, ನಿಲ್ಲಿಸು ಅಂತ. ಅಪ್ಪನ ವ್ಯಾನಿಗೆ ಇದನ್ನು ಹಾಕಿಸಿ, ಅದು ಅವರಿಗೆ ಕೇಳಿಸಿದ್ದರೂ, ಬಿರುಸೆಂದರೆ ಜಾಗವಿದೆ ಎಂದು ಖುಷಿಯಾಗಿ ಸೀದಾ ಅಡಿಗೆಮನೆಗೇ ಬಂದು ನಿಲ್ಲುತ್ತಿದ್ದರು. ತೆಳ್ಳನೆಯ ನೂಲಂತೂ ಈ ಗುಂಡಿಗಳಿಗೆ ಗೊತ್ತೇ ಆಗುವುದಿಲ್ಲ.

ನೂಲಿನ ಮಾತು ಯಾಕೆಂದರೆ, ಒಂದು ಬೆಳಿಗ್ಗೆ ಎದುರುಮನೆ ಅಜ್ಜಿ ಪಾವು ಹಾಕಿದ್ದಳು. ಪಾವು ಅಂದರೆ ಸೀರೆಯ ಹಾಸು. ಗಂಜಿ ಹಾಕಿದ ನೂಲನ್ನು ಬೀದಿಯುದ್ದಕ್ಕೆ ಎಳೆದು ಕಟ್ಟಿ ಒಣಗಿಸುತ್ತಾರೆ. ಅಪ್ಪನ ವ್ಯಾನು ಬೀದಿಯ ಬಾಯಿಗೆ ಬಂತು. ಅಮ್ಮ ಹಿಟ್ಟು ರುಬ್ಬುತ್ತಿದ್ದಳು.

"ನೀವು ರುಬ್ಬಿ ಅತ್ತಿಗೆ, ನಾನಿದ್ದೀನಲ್ಲ" ಎಂದು ಆ ದಿನ ಮನೆಗೆ ಬಂದಿದ್ದ ಚಿಕ್ಕಪ್ಪ ಹೊರಗೆ ಹೋದರು.

ಚಿಕ್ಕಪ್ಪ ಲಾರಿ ಶೆಡ್ಡಿನಲ್ಲಿ ಕೆಲಸ ಮಾಡುವವರು. ಅಲ್ಲಿ ಲಾರಿ ನಿಲ್ಲಿಸಬೇಕೆಂದರೆ ಬಡಬಡ ಬಡಿಯುತ್ತಾರೆ. ಪಾವು ಹತ್ತಿರವಾದದ್ದೇ ಅವರು ಎರಡೂ ಕೈಯಲ್ಲಿ ಬಡಿದರು. ಬೀದಿ ಖಾಲಿ ಎಂದುಕೊಂಡು ಅಪ್ಪ ಇನ್ನೂ ಜೋರಾಗಿ ಬಂದರು. "ಪೋದುಂ ಅಣ್ಣಾ, ಪೋದುಂ!" ಎಂದು, ಸಾಕು ನಿಲ್ಲಿಸು ಅಂತ, ಚಿಕ್ಕಪ್ಪ ಕೂಗಿಕೊಂಡರು. ಬಡಿಯುವುದು ಬಿಟ್ಟು ಪಕ್ಕಕ್ಕೆ ಹಾರಿದಾಗ ವ್ಯಾನು ನಿಂತಿತು. ಅಷ್ಟರಲ್ಲಿ ಒಂದು ಹಿಡಿ ನೂಲು ಹರಿದಿತ್ತು.

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಣ್ಣನಿಗೆ ಕಿವಿ ಕೇಳಲ್ವಾ ಅತ್ತಿಗೆ?"

"ಕೇಳತ್ತೆ. ನೀನು ತಟ್ಟಿದ್ದೇ ಸರಿಯಿಲ್ಲ" ಅಂದಳು ಅಮ್ಮ. ಅವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪ ವ್ಯಾನಿಳಿದು ಪಾವಿನ ಮುಂದೆ ಕೂತು, ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕತೊಡಗಿದರು. ಆಚೆ ತುದಿಯಲ್ಲಿ ಅಮ್ಮ ಕೂತಳು. ಚಿಕ್ಕಪ್ಪ ಅಪ್ಪನ ಬೆನ್ನ ಹಿಂದೆ ನಿಂತು "ಅಣ್ಣಾ" ಎಂದರು. ಮತ್ತೊಮ್ಮೆ ಎಂದರು. ಮೂರನೇ ಸಲ ಸಾಕಷ್ಟು ಗಟ್ಟಿಯಾಗಿಯೇ ಕರೆದರು. ಅಪ್ಪ ತಲೆಯೆತ್ತಲಿಲ್ಲ. ಆಗ ಅಮ್ಮ ತನ್ನ ಕಡೆಯ ನೂಲನ್ನು ಬೆರಳಿಂದ ಮೆಲ್ಲಗೆ ಮಿಡಿದಳು. ಅಪ್ಪ ಥಟ್ಟನೆ ಅವಳನ್ನು ನೋಡಿ, ಅವಳ ಕಣ್ಣು ಹೋದ ಕಡೆ ತಿರುಗಿ, ತಮ್ಮನನ್ನು ಕಂಡು ನಕ್ಕರು. ಇನ್ನು ಕೀ ಹೋಯಿತು ಎಂದುಕೊಂಡೆ.

ಚಿಕ್ಕಪ್ಪ ಒಮ್ಮೆ ವ್ಯಾನಿನ ಕಡೆ ನೋಡಿದರು. ಆಮೇಲೆ ಅಮ್ಮನ ಪಕ್ಕ ಹೋಗಿ ಕುಕ್ಕುರುಗಾಲಲ್ಲಿ ಕೂತು ದನಿ ತಗ್ಗಿಸಿ ಕೇಳಿದರು.

"ಹೆಂಗೆ ತಟ್ಟಬೇಕು ಅತ್ತಿಗೆ, ನನಗೂ ಹೇಳಿಕೊಡಿ."