ತಂಗಿಯ ಕರಿ ಹರಳು

ಈ ಬೆಳಿಗ್ಗೆ ಒಬ್ಬರು ಹಳೆಯ ಮೂಗುತಿ ತೊಳೆಸಲು ತಂದಿದ್ದರು. ಕೆಂಪಗೆ ಕಾಯಿಸಿ ಹುಣಸೆ ನೀರಿಗೆ ಬಿಟ್ಟೆ. ಚುಯ್ ಎಂದು ಹುಳಿ ಹಬೆ ಎದ್ದಿತು. ಆ ವಾಸನೆಗೆ ತಂಗಿ ನೆನಪಾದಳು...

ನಾಗಮಂಗಲದ ನಮ್ಮ ಅಕ್ಕಸಾಲಿ ಅಂಗಡಿಯಲ್ಲಿ ಏಳನೇ ಕ್ಲಾಸಿಗೇ ಬಂದು ಕೂತವನು ನಾನು. ಅವಳು ಓದುತ್ತಲೇ ಹೋದಳು. ಒಮ್ಮೆ ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೊರಟವಳು ದಾರಿಯಲ್ಲಿ ಮನೆಗೆ ಬಂದು, ಹತ್ತಿಯಲ್ಲಿ ಸುತ್ತಿದ್ದ ಎಳ್ಳುಕಾಳಿನಷ್ಟು ಕರಿ ಹರಳು ತೋರಿಸಿದಳು. ಅಂಥದ್ದು ಅವಳ ಬಳಿ ಇದ್ದದ್ದು ಅದೊಂದೇ.

ಮಂಜುಗಡ್ಡೆಗಿಂತ ತಣ್ಣಗಿಟ್ಟು ಅದಕ್ಕೆ ಬೆಳಕಿನ ಹೊಡೆತ ಕೊಟ್ಟರೆ, ಕರೆಂಟು ತಡೆಯೇ ಇಲ್ಲದೆ ಹರಿಯುವ ಗುರುತು ಕಾಣುತ್ತದಂತೆ. ಆ ಗುರುತು ಇರುವ ಹೊತ್ತಿನ ಮುಂದೆ ರೆಪ್ಪೆ ಬಡಿಯುವುದೂ ಒಂದು ಯುಗವಂತೆ. ಹರಳಿನೊಳಗೆ ಕಣಗಳು ರಂಗೋಲಿ ಚುಕ್ಕಿಗಳ ಹಾಗೆ ಸಾಲಾಗಿ ಕೂತಿರುತ್ತವೆ, ಕಾದರೆ ನಡುಗುತ್ತವೆ. ಮೊದಲ ಮಿಂಚಿನ ಬೆನ್ನಿಗೇ ಇನ್ನೊಂದು ಮಿಂಚು ಬಿಟ್ಟು ಆ ನಡುಕ ಅಳೆಯುವುದು ಅವಳ ಕೆಲಸ. ಗುರುತು ಅವಳಿಗೆ ಆಗಲೇ ಒಂದು ಸಲ ಕಂಡಿತ್ತು.

"ಬೆಳಕು ಮಾಡಿದ್ದಾ, ಬರೀ ಕಾವು ಮಾಡಿದ್ದಾ, ಅದೊಂದು ಗೊತ್ತಾಗ್ಬೇಕು ಕಣಣ್ಣ" ಎಂದಳು. ಆಮೇಲೆ ನಕ್ಕು, "ಚಿನ್ನ ಅಲ್ಲ ಅದು, ಒರೆಗಲ್ಲಿಗೆ ಉಜ್ಜಿಬುಟ್ಟೀಯ."

ಒರೆಗಲ್ಲಿಗೆ ಉಜ್ಜಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ನೋಡಿದೆ, ಹರಳಿನ ಮೇಲೆ ಬೆರಳ ಜಿಡ್ಡಿನಂಥ ಮಸುಕು. ನಮ್ಮ ಅಂಗಡಿಗೆ ಬಂದ ಯಾವ ಒಡವೆಯೂ ಕೊಳೆ ಹೊತ್ತು ವಾಪಸು ಹೋಗುವುದಿಲ್ಲ. ಪ್ರಯೋಗಾಲಯದ ದೊಡ್ಡವರೆದುರು ತಂಗಿಯ ವಸ್ತು ಹೊಳೆಯಲಿ ಎಂದು ಊದುಕೊಳವೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಹುಣಸೆ ನೀರಿಗೆ ಅದ್ದಿ, ಒರೆಸಿ ಹತ್ತಿಯಲ್ಲಿಟ್ಟೆ. ಮೊದಲಿಗಿಂತ ಚೆನ್ನಾಗಿ ಕಂಡಿತು.

ಎರಡು ವಾರ ಕಳೆದು ಅವಳ ಫೋನು ಬಂತು. ಗುರುತೇ ಇಲ್ಲವಂತೆ, ಚುಕ್ಕಿಗಳ ನಡುಕ ಮಾತ್ರ. ಅಂಥ ಹರಳು ಬಯಲು ಗಾಳಿಯಲ್ಲಿ ಕಾದರೆ, ಹುಳಿ ತಾಗಿದರೆ ಕೆಡುವುದುಂಟಂತೆ. ಆದರೆ ಹಾಗೇನೂ ಆಗಿಲ್ಲವಲ್ಲ ಎಂದಳು. "ನಾನೇ ತಪ್ಪು ನೋಡಿದ್ನೇನೋ. ಮನೇಲಿ ಅದುಕ್ಕೇನಾರ ಆಯ್ತಾ ಅಣ್ಣ?"

"ನಂಗೇನ್ ಗೊತ್ತವ್ವ" ಎಂದೆ. ಹುಣಸೆ ನೀರಿನ ಬಟ್ಟಲು ಎದುರಿಗೇ ಇತ್ತು.

ಮೊದಲು ಕಂಡದ್ದೂ ಬರೀ ಕಾವೇ ಎಂದು ಗುರುಗಳಿಗೆ ಬರೆದುಕೊಟ್ಟು, ಓದು ಅರ್ಧಕ್ಕೆ ಬಿಟ್ಟು ಬಂದಳು. ಪಾಂಡವಪುರದ ಶಾಲೆಯೊಂದರಲ್ಲಿ ಪಾಠ ಹೇಳಿದಳು. ಹರಳನ್ನು ನನ್ನ ಕೈಗೇ ಕೊಟ್ಟಳು, ತಕ್ಕಡಿ ಪೆಟ್ಟಿಗೆಯಲ್ಲಿ ಇರಲಿ ಎಂದು. ಅವಳು ಬಂದಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬಂದು... ಊಟಕ್ಕೇಳು ಎನ್ನುತ್ತಿದ್ದೆ. ಹೋದ ವರ್ಷ ಜ್ವರದಲ್ಲಿ ತೀರಿಕೊಂಡಳು. ತನ್ನ ಕಣ್ಣೇ ತನಗೆ ಮೋಸ ಮಾಡಿತೆಂದು ನಂಬಿಕೊಂಡೇ ಹೋದಳು.

ಮೂಗುತಿ ಒರೆಸಿಟ್ಟು ಪೆಟ್ಟಿಗೆ ತೆರೆದೆ. ಹರಳನ್ನು ಅಂಗೈಯಲ್ಲಿಟ್ಟು ಬಾಗಿಲ ಬಿಸಿಲಿಗೆ ಹಿಡಿದೆ. ಅವಳು ಮೊದಲ ಸಲ ಕಂಡದ್ದು ಬೆಳಕೋ ಕಾವೋ, ಇನ್ನು ಯಾರೂ ಹೇಳಲಾರರು.

"ಅದ್ನ ಕಾಯ್ಸಿದ್ದು ನಾನು ಕಣವ್ವ" ಎಂದೆ.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೇಳಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.