ಅವ್ವನ ಹೆಸರಿಗೆ ಅಪ್ಪನ ಅಕ್ಷರ

ಬೇವೂರಿನ ಹೊಲದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಇಳಕಲ್ಲಿನ ತಬಸುಮ ಮೊಣಕಾಲೂರಿ ಕುಳಿತು ಕರಿ ಸಮಾಧಿ ಕಲ್ಲಿಗೆ ತೆಳು ಹಾಳೆ ಅಂಟಿಸುತ್ತಿದ್ದಾರೆ. ಅದರ ಮೇಲೆ ಮೇಣದ ಬಳಪ ಉಜ್ಜಿದಂತೆ ಮೇಲ್ಗಡೆ ‘ಕಲ್ಲಪ್ಪ’, ತೀರ ಕೆಳಗೆ ‘ಬೇವೂರು’ ಮೂಡುತ್ತವೆ. ನಡುವೆ ಖಾಲಿ ಜಾಗ.

“ಫೋಟೋ ಸುಳ್ಳು ಹೇಳ್ತೈತ್ರಿ. ಮೊಬೈಲ್ ವಾರಿ ಹಿಡದ್ರ ಅಕ್ಷರನೂ ಸೊಟ್ಟ,” ಎಂದು ನಗುತ್ತಾರೆ.

ಕಲ್ಲಪ್ಪ ತೀರಿಕೊಂಡಾಗ ಹೆಂಡತಿ ಮರೆವ್ವ ಹಟ ಹಿಡಿದು ಬಿಡಿಸಿದ ಜಾಗವದು. ಈಗ ಮರೆವ್ವನೂ ಇಲ್ಲ. “ನನಗ ಬ್ಯಾರೆ ಕಲ್ಲು ಬ್ಯಾಡ, ಅವರ ಜೋಡಿನ ಬರಸ್ರಿ ಅಂದಿದ್ಲರಿ,” ಎನ್ನುತ್ತಾರೆ ಮಗಳು ಸುನಂದಾ. “ಅಕ್ಷರ ಬ್ಯಾರೆ ಆದ್ರ ಅವ್ವನ್ನ ಹೊರಗಿನಾಕಿ ಮಾಡಿದಂಗ.” ಹಳೆಯ ಕೆಲಸಗಾರ ಊರು ಬಿಟ್ಟಿದ್ದಾನೆ, ಫಾಂಟ್ ಯಾವುದೋ ಯಾರಿಗೂ ಗೊತ್ತಿಲ್ಲ. ಗ್ರಾನೈಟಿನಲ್ಲಿ ಒಮ್ಮೆ ಕೊರೆದರೆ ಮುಗಿಯಿತು, ಅಳಿಸಲಾಗದು.

ತಬಸುಮ ಮೊದಲು ಹುನಗುಂದದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದರು. ಜನ ಮೊಬೈಲಿನಲ್ಲೇ ಆಮಂತ್ರಣ ಕಳಿಸತೊಡಗಿದ ಮೇಲೆ ಪ್ರೆಸ್ಸಿಗೆ ಬಾಗಿಲು ಬಿತ್ತು. ಈಗ ಇವರು ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುತ್ತಾರೆ, ಗಂಡ ಅರ್ಷದ ಕಲ್ಲಿನಲ್ಲಿ ಕೊರೆಯುತ್ತಾರೆ. ಕದ್ದ ಫಾಂಟಿಗೆ ಇವರ ಅಂಗಡಿಯಲ್ಲಿ ಜಾಗವಿಲ್ಲ. “ಪುಕ್ಕಟ ಕೊಟ್ಟ ಪುಣ್ಯಾತ್ಮರು ಭಾಳ ಮಂದಿ ಅದಾರ. ಹುಡುಕೂದು ಒಂದs ತ್ರಾಸು.”

ಆ ತ್ರಾಸು ನೋಡಲು ನಾನೂ ಅಂಗಡಿಯಲ್ಲಿ ಠಿಕಾಣಿ ಹೂಡುತ್ತೇನೆ. ‘ಬೇವೂರು’ ಇರುವುದರಿಂದ ವ, ರ ಸಿಕ್ಕಿವೆ. ಮರೆವ್ವನ ಮ ಮಾತ್ರ ಕಲ್ಲಿನಲ್ಲಿ ಎಲ್ಲೂ ಇಲ್ಲ. ತಬಸುಮ ಕಂಪ್ಯೂಟರಿನಲ್ಲಿ ದಪ್ಪ ಫಾಂಟುಗಳನ್ನೆಲ್ಲ ಜಾಲಾಡುತ್ತಾರೆ. ಒಂದರಲ್ಲಿ ವ ಹೊಂದಿದರೆ ರ ಹೊಂದದು. ಮುಖ ಸಣ್ಣದಾಗುತ್ತದೆ, ನನಗೂ ಚಡಪಡಿಕೆ.

ಚಹಾ ತಂದ ಅರ್ಷದ ಹಾಳೆ ನೋಡಿ ನಕ್ಕುಬಿಡುತ್ತಾರೆ. “ಕಲ್ಲು ಅಗಲ, ಹೆಸರು ಸಣ್ಣದು. ತುಂಬಿ ಕಾಣಲಿ ಅಂತ ಅಡ್ಡಕ್ಕ ಎಳದಾರ. ನಾವೂ ಎಳೀತೇವಲ್ಲ!”

ತಬಸುಮ ಹಣೆ ಚಚ್ಚಿಕೊಳ್ಳುತ್ತಾರೆ. “ಎಳದ್ರ ನಿಂತ ಗೆರಿ ದಪ್ಪ ಆಗ್ತಾವ, ಮಲಗಿದ್ದು ಹಂಗs ಉಳೀತಾವ. ಕಣ್ಣ ಮುಂದ ಇದ್ದರೂ ಕಾಣಲಿಲ್ಲ ನೋಡ್ರಿ!” ಹಾಳೆಯ ಅಚ್ಚನ್ನು ಕಂಪ್ಯೂಟರಿಗೆ ಹಾಕಿ ಎರಡೂ ಬದಿಯಿಂದ ಒತ್ತುತ್ತಾರೆ. ಊದಿಕೊಂಡ ಅಕ್ಷರ ಇಳಿದು, ಹಳೆಯ ಲಗ್ನಪತ್ರಿಕೆಗಳ ಗುರುತಿನ ಮುಖ ಬಯಲಾಗುತ್ತದೆ. ಆ ಫಾಂಟು ಈಗ ಮಾರಾಟಕ್ಕೂ ಇಲ್ಲ. ಆದರೆ ಅದನ್ನೇ ಹೋಲುವ ಪುಕ್ಕಟೆಯದೊಂದು ಸಿಗುತ್ತದೆ. ತಲೆಕಟ್ಟು ಕೊಂಚ ಗಿಡ್ಡ. ಅದನ್ನು ಕೈಯಿಂದಲೇ ತಿದ್ದಿ, ಆ ಹಳೆಯ ಕೆಲಸಗಾರ ಎಳೆದಷ್ಟೇ ತಾವೂ ಎಳೆಯುತ್ತಾರೆ. ಪರದೆಯ ಮೇಲೆ ‘ಮರೆವ್ವ’ ಮೂಡುತ್ತದೆ.

ಅರ್ಷದ ಬೇವೂರಿಗೆ ಹೋಗಿ ಹೆಸರು ಕೊರೆದು ಬರುತ್ತಾರೆ. ಮರೆವ್ವನ ವರ್ಷದ ಪೂಜೆಯ ದಿನ ಸುನಂದಾ ಅವರ ಫೋನು. ಪೂಜೆಗೆ ಬಂದ ಸೋದರಮಾವ ಗುರಲಿಂಗಪ್ಪ ಕಲ್ಲು ನೋಡಿದ್ದೇ ಕೆಂಡವಾದರಂತೆ: “ನಮ್ಮಕ್ಕ ಇನ್ನೂ ಬದುಕಿದ್ದಾಗs ನಿಮ್ಮಪ್ಪನ ಜೋಡಿನ ಅಕಿ ಹೆಸರೂ ಕೊರಸಿದ್ರೇನಲೇ?”

ಫೋನಿಟ್ಟ ತಬಸುಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ನಗುತ್ತಲೇ. “ಪಾಪ, ಬೈಸ್ಕೊಂಡಿದ್ದು ಅವರು. ಶಾಬಾಸ್ ಸಿಕ್ಕಿದ್ದು ನನಗ.”