ಕೊಬ್ಬರಿ ಹಿಡಿದ ಕೈ

ಹೆಸರಿಲ್ಲದ ಫೋಟೋ ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಗೆ ಮೊದಲು ಬೇಲೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಲ್ಬಂ ಜೋಡಿಸುತ್ತಿದ್ದೆ. ಕ್ಯಾಮೆರಾ ತಾನಾಗಿ ಇಟ್ಟ ನಂಬರಿನ ಹೊರತು ಆ ಫೋಟೋಗಳಿಗೆ ಬೇರೆ ಗುರುತಿರಲಿಲ್ಲ. ಒಂದು ಮನೆಯ ಧಾರೆಯ ಫೋಟೋ ಇನ್ನೊಂದು ಮನೆಯ ಆಲ್ಬಮ್ಮಿಗೆ ಸೇರಿ, ಎರಡೂ ಕಡೆಯ ಬೀಗರು ಅಂಗಡಿ ಬಾಗಿಲಿಗೆ ಬಂದು ನಿಂತರು. ಅಂದಿನಿಂದ ಯಾವ ಫೋಟೋ ಬಂದರೂ ಮೊದಲು ಹೆಸರು ಬರೆದೇ ಮುಂದಿನ ಕೆಲಸ. ಈಗಲೂ ಗಂಡನ ಮೊಬೈಲು ಕೈಗೆ ಸಿಕ್ಕರೆ ಅದರೊಳಗಿನ ಫೋಟೋಗಳಿಗೆ ಹೆಸರಿಡುತ್ತ ಕೂರುತ್ತೇನೆ. ಅವರು ಇದನ್ನು ನಾಮಕರಣದ ಕಾಯಿಲೆ ಎನ್ನುತ್ತಾರೆ.

ಆ ಕಾಯಿಲೆ ಉಪಯೋಗಕ್ಕೆ ಬಂದದ್ದು ಚಿಕ್ಕಮ್ಮನ ಕೊಬ್ಬರಿ ಮಾರಲು ಹೊರಟಾಗ. ಚಿಕ್ಕಮ್ಮ ನನ್ನ ತಾಯಿಯ ತಂಗಿ. ಗಂಡಸಿ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ, ಮನೆಯ ಹಿಂದೆ ತೆಂಗಿನ ತೋಟ. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಯಿತು, ಮಗಳು ಮದುವೆಯಾಗಿ ಗಂಡನ ಮನೆಯಲ್ಲಿದ್ದಾಳೆ. ಕಾಯಿಯನ್ನು ಅಟ್ಟಕ್ಕೇರಿಸುವುದು, ಅದು ಒಳಗೇ ಒಣಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಕಾಯುವುದು, ಆಮೇಲೆ ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಬಿರುಕು ಬಿಡದಂತೆ ಹೊರಗೆ ತೆಗೆಯುವುದು, ಎಲ್ಲವೂ ಅವಳದೇ. ಅಷ್ಟನ್ನೂ ಅರಸೀಕೆರೆ ಮಂಡಿಗೆ ಹಾಕುತ್ತಿದ್ದಳು. ಒಳ್ಳೆಯ ಉಂಡೆಗಳನ್ನಾದರೂ ಆರಿಸಿಡು, ಆನ್‌ಲೈನಿನಲ್ಲಿ ಮಾರೋಣ ಎಂದು ಗಂಟುಬಿದ್ದವಳು ನಾನು.

"ಕಣ್ಣಿಗೇ ಕಾಣ್ದಿರೋರಿಗೆ ಹೆಂಗೇ ಮಾರೋದು?" ಎಂದಳು.

ಫೋಟೋ ತೆಗೆದು ಕಳಿಸು, ಮಿಕ್ಕಿದ್ದು ನನಗೆ ಬಿಡು ಎಂದೆ.

ಫೋಟೋಗಳು ಬಂದವು. ಜಗಲಿಯ ಮೇಲೆ ಕೊಬ್ಬರಿ, ಮೊರದಲ್ಲಿ ಕೊಬ್ಬರಿ, ಚಾಪೆಯ ಮೇಲೆ ಕೊಬ್ಬರಿ. ಒಂದೊಂದಕ್ಕೂ ಮೊಬೈಲು ಕೊಟ್ಟ ಮಾರುದ್ದದ ನಂಬರು. ಅವನ್ನು ಹಾಗೇ ಆನ್‌ಲೈನ್ ಅಂಗಡಿಗೆ ಏರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಓದಿಕೊಂಡಿದ್ದೆ. ಜನ ಮೊಬೈಲಿನಲ್ಲಿ ಏನನ್ನಾದರೂ ಹುಡುಕಿದಾಗ ಆ ಹುಡುಕುವ ಯಂತ್ರ ಚಿತ್ರದ ಜೊತೆಗೆ ಚಿತ್ರದ ಹೆಸರನ್ನೂ ಓದುತ್ತದಂತೆ. ಹಾಗಾಗಿ ಚಿತ್ರದಲ್ಲಿ ಏನು ಕಾಣುತ್ತದೋ ಅದನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಪದಪದಗಳ ನಡುವೆ ಒಂದೊಂದು ಅಡ್ಡಗೆರೆ ಹಾಕಿ ಬರೆಯಬೇಕು. ಜನ ಹೇಗೆ ಕೇಳುತ್ತಾರೋ ಹಾಗೆ ಬರೆಯಬೇಕು. ನಾಲ್ಕೈದು ಪದ ಸಾಕು, ಸಿಕ್ಕಿದ್ದನ್ನೆಲ್ಲ ತುರುಕಿದರೆ ಯಂತ್ರಕ್ಕೂ ಅನುಮಾನ ಬರುತ್ತದೆ. ನಾನು 'ಅರಸೀಕೆರೆ ಉಂಡೆ ಕೊಬ್ಬರಿ' ಎಂದು ಶಿಸ್ತಾಗಿ ಬರೆದು ಕೂತೆ. ನೊಣವೂ ಬರಲಿಲ್ಲ.

ಕೋಪ ಬಂತು. ಇಷ್ಟು ಒಳ್ಳೆಯ ಕೊಬ್ಬರಿ, ಇಷ್ಟು ಒಳ್ಳೆಯ ಹೆಸರು, ಇವರಿಗೇನು ಬಂದಿದೆ ಎಂದು ಗೊಣಗಿಕೊಂಡು ಓಡಾಡಿದೆ. ಒಂದು ದಿನ ಬೀರು ಒರೆಸುವಾಗ ನನ್ನ ಸೀಮಂತದ ಆಲ್ಬಂ ಕೈಗೆ ಸಿಕ್ಕಿತು. ಅಮ್ಮ ನನ್ನ ಮಡಿಲು ತುಂಬುತ್ತಿದ್ದಾಳೆ. ಸೆರಗಿನಲ್ಲಿ ಅಕ್ಕಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಬಳೆ, ರವಿಕೆ ಕಣ, ಎಲ್ಲದರ ಮೇಲೆ ಎರಡು ಉಂಡೆ ಕೊಬ್ಬರಿ. ಆಗ ತಲೆಗೆ ಹೊಳೆಯಿತು. ಚಟ್ನಿಪುಡಿಗೆ, ಒಬ್ಬಟ್ಟಿಗೆ ಕೊಬ್ಬರಿ ಬೇಕಾದವರಿಗೆ ಪಕ್ಕದ ಬೀದಿಯಲ್ಲೇ ಸಿಗುತ್ತದೆ. ಬಿರುಕಿಲ್ಲದ ಉಂಡೆಗಾಗಿ ಊರೆಲ್ಲ ಹುಡುಕುವುದು ಮಡಿಲಕ್ಕಿ ಕೊಡುವವರು ಮಾತ್ರ.

ಅವತ್ತೇ ಚಿಕ್ಕಮ್ಮನಿಗೆ ಫೋನು ಮಾಡಿದೆ. ಬಿಡಿ ಕೊಬ್ಬರಿ ಬಿಟ್ಟು, ಮಡಿಲಕ್ಕಿಯ ಸಾಮಾನೆಲ್ಲ ಜೋಡಿಸಿದ ಪೆಟ್ಟಿಗೆ ಮಾಡೋಣ ಎಂದೆ. ಅವಳು ಹೂಂ ಎಂದಳು, ಆದರೆ ದನಿಯಲ್ಲಿ ಏನೋ ಹಿಂಜರಿಕೆ ಇತ್ತು. ನಾನು ಅದನ್ನು ಕಿವಿಗೆ ಹಾಕಿಕೊಳ್ಳದೆ ಫೋಟೋಗಳಿಗೆ ಹೊಸ ಹೆಸರು ಬರೆದೆ. ಒಂದಕ್ಕೆ 'ಸೀಮಂತದ ಮಡಿಲಕ್ಕಿ'. ಉತ್ತರದ ಕಡೆಯವರು ಉಡಿ ಎನ್ನುವುದರಿಂದ ಇನ್ನೊಂದಕ್ಕೆ 'ಉಡಿ ತುಂಬುವ ಸಾಮಾನು'. ಮತ್ತೊಂದಕ್ಕೆ 'ತಾಯಿ ಮಗಳಿಗೆ ತುಂಬುವ ಮಡಿಲಕ್ಕಿ'. ಆ ಚಿತ್ರದಲ್ಲಿ ತಾಯಿಯೂ ಇರಲಿಲ್ಲ, ಮಗಳೂ ಇರಲಿಲ್ಲ, ಬರೀ ರಟ್ಟಿನ ಪೆಟ್ಟಿಗೆ. ಜನ ಹಾಗೆ ಕೇಳಿಯಾರು ಎಂದು ಬರೆದೆ, ಅಷ್ಟೇ. ಆಮೇಲೆ ಆರ್ಡರುಗಳು ಬರತೊಡಗಿದವು.

ಆರ್ಡರಿನ ಜೊತೆ ತಕರಾರೂ ಬಂತು. ಫೋಟೋದಲ್ಲಿ ಕೊಬ್ಬರಿ ಎಷ್ಟು ದಪ್ಪವೆಂದು ತಿಳಿಯುವುದಿಲ್ಲ ಎಂದರು. ಚಿಕ್ಕಮ್ಮ ಬೆಂಕಿಪೊಟ್ಟಣದ ಪಕ್ಕದಲ್ಲಿಟ್ಟು ಒಂದು ಫೋಟೋ ಕಳಿಸಿದಳು. ಮಡಿಲಕ್ಕಿಗೂ ಬೆಂಕಿಪೊಟ್ಟಣಕ್ಕೂ ಏನೇ ಸಂಬಂಧ, ಕೈಯಲ್ಲಿ ಹಿಡಿದುಕೊಂಡು ತೆಗೆ ಎಂದು ರೇಗಿದೆ. ಎರಡು ದಿನ ಬಿಟ್ಟು, ಕೈಯಲ್ಲಿ ಕೊಬ್ಬರಿ ಹಿಡಿದ ಫೋಟೋ ಕಳಿಸಿದಳು. ಚೆನ್ನಾಗಿತ್ತು. ಚಿತ್ರದಲ್ಲಿ ಕಂಡದ್ದನ್ನು ಬರೆಯಬೇಕಲ್ಲ, 'ಹಸಿರು ಬಳೆಯ ಕೈಯಲ್ಲಿ' ಎಂದು ಟೈಪು ಹೊಡೆಯುತ್ತಿದ್ದವಳು ಅಲ್ಲಿಗೇ ನಿಂತೆ. ಗೋರಂಟಿ ಹಚ್ಚಿದ ಬೆರಳು, ಎಳೆಯ ಮುಂಗೈ. ಇದು ಚಿಕ್ಕಮ್ಮನ ಕೈಯಲ್ಲ.

ಕೂಡಲೇ ಫೋನು ಮಾಡಿ ಕೇಳಿದೆ.

"ಪಕ್ಕದ್ಮನೆ ಸೊಸೇದು ಕಣೇ. ಚೆಂದಾಗಿ ಬಂದೈತಲ್ಲ?"

"ನಿನ್ನ ಕೈಗೆ ಏನಾಗಿದೆ?"

"ಏನಾಗ್ಬೇಕು? ಬೋಳುಗೈ. ಮಡಿಲು ತುಂಬೋ ಸಾಮಾನ ಬೋಳುಗೈಲಿ ಹಿಡ್ಕಂಡ್ರೆ ನೋಡ್ದೋರು ಏನಂತಾರೆ? ಒಬ್ರೂ ತಗಳಾಕಿಲ್ಲ."

ಮಾತು ಬೆಳೆಯಿತು. ಆಗ ಅವಳ ಬಾಯಿಂದ ಇನ್ನೊಂದು ವಿಷಯವೂ ಹೊರಬಂತು. ಬೆಳಿಗ್ಗೆ ಸ್ನಾನ ಮಾಡಿ, ಕೊಬ್ಬರಿ ಒರೆಸಿ, ಅಕ್ಕಿ ಬೆಲ್ಲ ಅಳೆದು ಪೆಟ್ಟಿಗೆಗೆ ತುಂಬುವವಳು ಚಿಕ್ಕಮ್ಮನೇ. ಆದರೆ ಅರಿಶಿನ ಕುಂಕುಮದ ಪೊಟ್ಟಣವನ್ನು ಅವಳು ಮುಟ್ಟುವುದಿಲ್ಲ. ಪಕ್ಕದ ಮನೆಯ ಸೊಸೆ ಬಂದು ಅದನ್ನಿಟ್ಟು ದಾರ ಕಟ್ಟಿ ಗಂಟು ಹಾಕಬೇಕು. ಮುತ್ತೈದೆಯ ಕೈಯಿಂದ ಗಂಟು ಬಿದ್ದ ಮೇಲೆಯೇ ಅದು ಮಡಿಲಕ್ಕಿ. ಅಲ್ಲಿಯವರೆಗೆ ಬರೀ ದಿನಸಿ.

"ಮರದಿಂದ ಪೆಟ್ಟಿಗೆವರೆಗೆ ಎಲ್ಲ ನಿನ್ನ ಕೈಯದೇ, ಒಂದು ಪೊಟ್ಟಣ ಮುಟ್ಟಿದರೆ ಮೈಲಿಗೆಯಾ?" ಎಂದೆ.

"ಮಾಡೋದೇ ಬ್ಯಾರೆ, ಕೊಡೋದೇ ಬ್ಯಾರೆ ಕಣೇ. ವ್ಯಾಪಾರದ ಮಾತು ಅತ್ಲಾಗಿರ್ಲಿ. ಯಾವ್ದೋ ಬಸ್ರಿ ಹೆಣ್ಮಗ ಮಡಿಲಿಗೆ ಹಾಕ್ಕಳೋದು. ನಾಳೆ ಅದಕ್ಕೇನಾರ ಆದ್ರೆ, ನಾನು ಮುಟ್ಟಿದ್ಕೇ ಆಯ್ತು ಅಂತ ಅನ್ಸಾಕಿಲ್ವಾ ನಂಗೆ?"

ಜನರ ಬಾಯಿಗೆ ಹೆದರುವವಳಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಇವಳು ತನ್ನ ಕೈಗೇ ಹೆದರುತ್ತಿದ್ದಳು. ಫೋನಿಟ್ಟೆ. ಇದನ್ನು ಅವಳ ತಲೆಗೆ ತುಂಬಿದವರು ಯಾರೆಂದು ಹುಡುಕಿ ಬೈಯೋಣವೆಂದರೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ಅವಳನ್ನು ಪ್ರೀತಿಯಿಂದಲೇ ಮಾತಾಡಿಸುವವರು.

ಹಸಿರು ಬಳೆಯ ಆ ಫೋಟೋವನ್ನು ಅಂಗಡಿಗೆ ಹಾಕಿದೆ. ವ್ಯಾಪಾರ ನಡೆಯಿತು. ಮದುವೆ, ಸೀಮಂತಗಳ ಕಾಲ ಬಂದು ಆರ್ಡರು ಮೇಲಿಂದ ಮೇಲೆ ಬೀಳುತ್ತಿದ್ದಾಗ, ಪೆಟ್ಟಿಗೆ ಬಂದಿಲ್ಲವೆಂದು ಒಬ್ಬೊಬ್ಬರೇ ನನಗೆ ಫೋನು ಮಾಡತೊಡಗಿದರು. ಚಿಕ್ಕಮ್ಮನನ್ನು ಕೇಳಿದರೆ, ಪಕ್ಕದ ಮನೆಯ ಸೊಸೆ ಹಗರೆಯ ತವರಿಗೆ ಹೋಗಿದ್ದಾಳೆ, ಬರುವುದು ಸ್ವಲ್ಪ ತಡವಾಗುತ್ತದಂತೆ ಎಂದಳು. ಸೀಮಂತದ ಮುಹೂರ್ತ ಆ ಸೊಸೆಗಾಗಿ ಕಾಯುತ್ತದೆಯೇ? ಮಾರನೆಯ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಬೇಲೂರಿನಲ್ಲಿ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಬಸ್ಸು ಪ್ರವಾಸಿಗಳನ್ನು ಇಳಿಸಲು ಸಾವಕಾಶವಾಗಿ ನಿಂತಾಗ ಡ್ರೈವರಿನ ಮೇಲೂ ಸಿಟ್ಟು ಬಂತು. ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿ ಗಂಡಸಿಯಲ್ಲಿ ಇಳಿಯುವವರೆಗೂ ಅವಳಿಗೆ ಹೇಳಬೇಕಾದ ಮಾತುಗಳನ್ನೇ ಜೋಡಿಸುತ್ತಿದ್ದೆ.

ನಡುಮನೆಯಲ್ಲಿ ಪೆಟ್ಟಿಗೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಎಲ್ಲ ತುಂಬಿತ್ತು. ಪಕ್ಕದ ತಟ್ಟೆಯಲ್ಲಿ ಕುಂಕುಮದ ಪೊಟ್ಟಣಗಳು, ಒಂದು ಉಂಡೆ ದಾರ. ನನ್ನನ್ನು ಕಂಡದ್ದೇ ಚಿಕ್ಕಮ್ಮನ ಮುಖ ಅರಳಿತು.

"ಸದ್ಯ, ನೀನೇ ಬಂದ್ಯಲ್ಲ. ಕೈಕಾಲು ತೊಳ್ಕಂಡು ಪೊಟ್ಣ ಇಟ್ಟು ಕಟ್ಟೇ. ಸಂಜೆಗೆ ಕಳ್ಸಾನ."

"ನಾನು ಕಟ್ಟಲ್ಲ. ನೀನೇ ಕಟ್ಟು."

"ಆಟ ಆಡ್ಬ್ಯಾಡ."

"ನೀನು ಕಟ್ಟಿದರೆ ಇವತ್ತೇ ಹೋಗುತ್ತೆ. ಇಲ್ಲದಿದ್ದರೆ ಇಲ್ಲೇ ಇರಲಿ."

ಅವಳು ಅಡಿಗೆಮನೆಗೆ ಹೋಗಿ ಕಾಫಿಗಿಟ್ಟಳು. ನಾನು ಕಂಬಕ್ಕೊರಗಿ ಕೂತೆ. ಇಬ್ಬರೂ ಹಟಮಾರಿಗಳೇ, ಅದು ನಮ್ಮ ತಾಯಿಯ ಕಡೆಯ ಗುಣ. ಕಾಫಿ ತಂದುಕೊಟ್ಟು ಅವಳೂ ಕೂತಾಗ ನನ್ನ ಮೊಬೈಲಿಗೆ ಫೋನು ಬಂತು. ಇನ್ನೊಬ್ಬರ ತಕರಾರಿರಬೇಕು, ಇವಳೇ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಹೆಂಗಸಿನ ದನಿ, ಪೇಟೆಯ ಮಾತು.

"ಮಡಿಲಕ್ಕಿ ಪೆಟ್ಟಿಗೆ ಮಾರೋರು ನೀವೇನಾ ಮೇಡಂ? ತಪ್ಪು ತಿಳ್ಕೋಬೇಡಿ, ಒಂದು ವಿಷ್ಯ ಕೇಳ್ಬೇಕಿತ್ತು. ನನ್ನ ಮಗಳ ಸೀಮಂತ ಇದೆ. ನಮ್ಮ ಯಜಮಾನ್ರು ಹೋದ ವರ್ಷ ತೀರಿಕೊಂಡ್ರು. ಇಂಥ ತಾಯಿ ಮಗಳಿಗೆ ಮಡಿಲು ತುಂಬಬಹುದಾ ಅಂತ ಮೊಬೈಲಲ್ಲಿ ಹುಡುಕ್ತಾ ಇದ್ದೆ, ನಿಮ್ಮ ಪೆಟ್ಟಿಗೆ ಫೋಟೋ ಬಂತು. ಇದನ್ನೇ ಮಾರೋರಿಗೆ ಗೊತ್ತಿರುತ್ತೆ ಅಂತ ಫೋನ್ ಮಾಡ್ದೆ. ತುಂಬಬಹುದಾ?"

'ತಾಯಿ ಮಗಳಿಗೆ ತುಂಬುವ ಮಡಿಲಕ್ಕಿ', ಕೊಬ್ಬರಿ ಬೇಕಾದವರು ಬರಲಿ ಎಂದು ನಾನು ಪದ ಆರಿಸಿ ಇಟ್ಟ ಹೆಸರು ಅದು. ಅದನ್ನು ಹಿಡಿದುಕೊಂಡು ಹೀಗೂ ಒಬ್ಬರು ಬಂದಾರೆಂದು ಎಣಿಸಿರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಭಾಷಣವೆಲ್ಲ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಯಾಕವ್ವ, ಯಾರಾನ ಬ್ಯಾಡ ಅಂದ್ರಾ?"

"ಯಾರೂ ಅಂದಿಲ್ಲಮ್ಮ. ಬೀಗರೇ ನೀವೇ ತುಂಬಿ ಅಂತಿದಾರೆ. ನನಗೇ ಹೆದರಿಕೆ. ನಾಳೆ ಮಗುಗೆ ಏನಾದ್ರೂ ಆದ್ರೆ ಅಂತ."

ಚಿಕ್ಕಮ್ಮ ನನ್ನ ಮುಖ ನೋಡಿದಳು. ತನ್ನದೇ ಮಾತನ್ನು ಅಪರಿಚಿತರ ಬಾಯಲ್ಲಿ ಕೇಳಿ ಮೊಬೈಲನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡಳು.

"ಮಗಳು ಏನಂತಾಳೆ?"

"ನೀನು ತುಂಬದಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ ಅಂತಾಳೆ."

"ಪುಣ್ಯವಂತೆ. ನನ್ ಮಗಳು ಅಂಗೆ ಅನ್ನಾಕೆ ಹೆದ್ರುಕೊಂಡ್ಲು. ಹಸೆ ಮ್ಯಾಲೆ ಕೂತ್ಕಂಡು ನನ್ನೇ ನೋಡ್ತಿದ್ಲು. ನಾನು ಅಡಿಗೆಮನೆ ಬಾಗಿಲಾಗೇ ನಿಂತಿದ್ದೆ ಕಣವ್ವ, ಎದ್ರಿಗೆ ಬರ್ಲಿಲ್ಲ."

ಆ ಸೀಮಂತಕ್ಕೆ ನಾನೂ ಹೋಗಿದ್ದೆ. ನಾವು ಹೆಂಗಸರೆಲ್ಲ ಸರದಿಯಲ್ಲಿ ಮಡಿಲು ತುಂಬಿ, ಆರತಿ ಎತ್ತಿ, ಊಟಕ್ಕೆದ್ದಿದ್ದೆವು. ಬಾಗಿಲಲ್ಲಿ ನಿಂತವಳ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಅವಳು ಇಷ್ಟು ವರ್ಷ ಅದರ ಸೊಲ್ಲೆತ್ತಿರಲಿಲ್ಲ, ಈಗ ಮುಖ ಕಾಣದವರ ಮುಂದೆ ಹೇಳುತ್ತಿದ್ದಳು.

"ತುಂಬ್ರವ್ವ," ಎಂದಳು ಚಿಕ್ಕಮ್ಮ. "ನೀವೇ ತುಂಬ್ರಿ. ನಿಮ್ಗೆ ಮರೆಮಾಚಾಕಿಲ್ಲ, ಈ ಪೆಟ್ಗೆಗೆ ಕೊಬ್ರಿ ಜೋಡ್ಸೋಳೂ ನಾನೇ. ನಮ್ಮೆಜಮಾನ್ರೂ ಇಲ್ಲ. ನೀವು ಬ್ಯಾಡ ಅಂದ್ರೂ ನಂಗೆ ಬೇಜಾರಿಲ್ಲ."

ಚಿಕ್ಕಮ್ಮನ ಕಣ್ಣು ಮೊಬೈಲಿನ ಮೇಲೇ ಇತ್ತು. ಅವಳು ಇಷ್ಟು ದಿನ ಹೆದರಿಕೊಂಡಿದ್ದ ಗಳಿಗೆ ಇದೇ.

"ಹಾಗಾದ್ರೆ ನಂಗೊಂದು ಕಳಿಸಮ್ಮ," ಎಂದಿತು ದನಿ. ಅಳುತ್ತಿದ್ದರು. "ಪೂರ್ತಿ ನಿಮ್ಮ ಕೈಯಾರೆ ಕಟ್ಟಿ ಕಳಿಸಿ. ನೀವು ಕಟ್ಟಿದ್ದು ಅಂದ್ರೆ ತುಂಬೋಕೆ ನಂಗೂ ಧೈರ್ಯ ಬರುತ್ತೆ."

ಚಿಕ್ಕಮ್ಮ ಮೊಬೈಲು ನನಗೆ ಕೊಟ್ಟು ಎದ್ದಳು. ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ತಟ್ಟೆಯ ಮುಂದೆ ಕೂತು ಒಂದು ಪೊಟ್ಟಣ ಎತ್ತಿ, ಒಂದು ಪೆಟ್ಟಿಗೆಯ ಕೊಬ್ಬರಿಗಳ ನಡುವೆ ಇಟ್ಟಳು. ದಾರದ ಗಂಟು ಎರಡು ಸಲ ಜಾರಿತು. ಸಹಾಯಕ್ಕೆ ಹೋಗಬೇಕೆನಿಸಿದರೂ ಹೋಗಲಿಲ್ಲ. ಫೋಟೋ ತೆಗೆದೆ, ಬೇಡವೆನ್ನಲಿಲ್ಲ. ಅದಕ್ಕೆ ಹೆಸರು ಬರೆಯುವಾಗ ಬಳೆಯಿದೆಯೇ ಇಲ್ಲವೇ ಎಂಬ ಮಾತು ತೆಗೆಯದೆ 'ಮಡಿಲಕ್ಕಿ ಕಟ್ಟುವ ತಾಯಿಯ ಕೈ' ಎಂದಷ್ಟೇ ಬರೆದಿದ್ದೇನೆ. ಈಗ ಅಂಗಡಿಯಲ್ಲಿ ಮೊದಲು ಕಾಣುವುದು ಆ ಚಿತ್ರವೇ.

ಮಿಕ್ಕ ಪೆಟ್ಟಿಗೆಗಳನ್ನೂ ಅವಳ ಮುಂದೆ ಸರಿಸಿದೆ. ಅವಳು ತಲೆಯಾಡಿಸಿದಳು.

"ಮಿಕ್ದೋರು ನನ್ ಕೈಲಿ ಕಟ್ಟು ಅಂತ ಕೇಳಿಲ್ವಲ್ಲೇ. ಅವು ನೀನೇ ಕಟ್ಟು."

ನನಗೆ ಮತ್ತೆ ರೇಗಿತು, ಆದರೂ ಕೂತು ಕಟ್ಟಿದೆ. ಮುಗಿಯುತ್ತ ಬಂದಾಗ ಅವಳು ಅಟ್ಟದ ಏಣಿ ಹತ್ತಿ ಹೋಗಿ, ಆರಿಸಿ ಆರಿಸಿ ಎರಡು ಕಾಯಿ ತಂದಳು. ಚಿಪ್ಪು ಒಡೆದು ಎರಡು ದೊಡ್ಡ ಉಂಡೆ ತೆಗೆದು, ಸೆರಗಿನಲ್ಲಿ ಒರೆಸಿ, ಹೊಸ ಪೆಟ್ಟಿಗೆಯೊಂದಕ್ಕೆ ಇಟ್ಟಳು. ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕುಂಕುಮದ ಪೊಟ್ಟಣವನ್ನೂ ತಾನೇ ಇಟ್ಟಳು.

"ಇದು ಯಾರ ಆರ್ಡರು? ನನ್ನ ಹತ್ತಿರ ಇಲ್ಲವಲ್ಲ," ಎಂದೆ.

"ನನ್ ಮಗಳ್ದು," ಎಂದಳು.